ರೂಟ್ ಇಲ್ಲದ ಫ್ರೀಬಿಎಸ್‌ಡಿಯಲ್ಲಿ ಜಿಸಿಸಿ ಕಟ್ಟಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಪ್ಯಾಕೇಜ್ ಹಾಕಿಕೊಳ್ಳಲು ಆಗುವುದಾದರೆ ಈ ಗೋಜಿಗೇ ಹೋಗಬೇಡಿ. ನನಗೆ ಬೇರೆ ದಾರಿ ಇರಲಿಲ್ಲ. ಕೆಲಸಕ್ಕೆ ಅಂತ ಸಿಕ್ಕಿದ್ದು ಎಲ್ಲೋ ದೂರದ ಫ್ರೀಬಿಎಸ್‌ಡಿ (ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಮೆಷಿನ್ನಿನಲ್ಲಿ ಒಂದು ಬರೀ ಯೂಸರ್ ಅಕೌಂಟ್, ರೂಟ್ ಅಂದರೆ ಅಡ್ಮಿನ್ ಅಧಿಕಾರ ಇಲ್ಲ. ಬೇಕಾಗಿದ್ದದ್ದು ಫೋರ್ಟ್ರಾನ್ ಭಾಷೆಯ ಕಂಪೈಲರ್. ಅಲ್ಲಿದ್ದ ಕ್ಲಾಂಗ್ ಅನ್ನುವ ಕಂಪೈಲರ್‌ಗೆ ಸಿ, ಸಿ ಪ್ಲಸ್ ಪ್ಲಸ್ ಬರುತ್ತದೆ, ಫೋರ್ಟ್ರಾನ್ ಬರುವುದಿಲ್ಲ. ಹಾಗಾಗಿ ಆಟಿ ತಿಂಗಳ ಜಡಿಮಳೆಯಲ್ಲಿ ಬದಿಯಡ್ಕದ ಮನೆಯ ಜಗಲಿಯಲ್ಲಿ ಕೂತು, ಫೋರ್ಟ್ರಾನ್ ಬರುವ ಜಿಸಿಸಿ ಕಂಪೈಲರನ್ನು ಸೋರ್ಸ್‌ನಿಂದಲೇ ಕಟ್ಟಲು ಹೊರಟೆ.

ಲಿನಕ್ಸ್ ಗೊತ್ತಿದೆಯಲ್ಲ, ಇದೂ ಅಂಥದ್ದೇ ಅಂದುಕೊಂಡಿದ್ದೆ. ಎನ್ವಿರಾನ್‌ಮೆಂಟ್ ವೇರಿಯೇಬಲ್ ಇಡಲು 'ಎಕ್ಸ್‌ಪೋರ್ಟ್' ಅಂತ ಹೊಡೆದರೆ ಕಮಾಂಡ್ ನಾಟ್ ಫೌಂಡ್! ನನ್ನ ಶೆಲ್ ಟಿಸಿಶೆಲ್ ಆಗಿತ್ತು, ಅದರಲ್ಲಿ 'ಸೆಟ್‌ಎನ್ವ್' ಅನ್ನಬೇಕು. ಸುಮ್ನೆ ಜಗಳ ಬೇಡ ಅಂತ 'ಎಸ್ಎಚ್' ಹೊಡೆದು ಮಾಮೂಲಿ ಶೆಲ್ಲಿಗೆ ಹೋದೆ. ಬಿಲ್ಡ್ ನಡೆಸುವ 'ಮೇಕ್' ಅಲ್ಲಿ ಬಿಎಸ್‌ಡಿಯದ್ದು, ಜಿಸಿಸಿಯ ಮೇಕ್‌ಫೈಲ್ ಅದಕ್ಕೆ ಅರ್ಥವಾಗುವುದಿಲ್ಲ. ಮೊದಲು ಗ್ನೂ ಮೇಕ್ ಕಟ್ಟಿಕೊಂಡೆ. ಅದೇನೂ ತೊಂದರೆ ಕೊಡಲಿಲ್ಲ.

ಆಮೇಲೆ ಜಿಸಿಸಿಗೆ ಬೇಕಾದ ಮೂರು ಗಣಿತದ ಲೈಬ್ರರಿಗಳು: ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ. ಇದೇ ಕ್ರಮದಲ್ಲಿ ಕಟ್ಟಬೇಕು, ಒಂದಕ್ಕೆ ಅದರ ಹಿಂದಿನದ್ದು ಬೇಕಾಗುತ್ತದೆ. ಮೂರನ್ನೂ ನನ್ನ ಹೋಮ್ ಡೈರೆಕ್ಟರಿಯೊಳಗೆ ಹಾಕಿ, ಜಿಸಿಸಿ ಸೋರ್ಸ್‌ನ ಹೊರಗೆ ಒಂದು ಖಾಲಿ ಡೈರೆಕ್ಟರಿ ಮಾಡಿ, ಅಲ್ಲಿಂದ 'ಕಾನ್ಫಿಗರ್' (ಮೆಷಿನ್ನನ್ನು ಪರೀಕ್ಷಿಸಿ ಬಿಲ್ಡ್ ಸಿದ್ಧಪಡಿಸುವ ಸ್ಕ್ರಿಪ್ಟ್) ಓಡಿಸಿ ಬಿಲ್ಡ್ ಶುರು ಮಾಡಿದೆ. ಅಷ್ಟರಲ್ಲಿ ಗಾಳಿಗೆ ಅಡಿಕೆ ಮರವೊಂದು ಲೈನಿನ ಮೇಲೆ ಬಿತ್ತು. ಕರೆಂಟು ಹೋಯಿತು, ವೈಫೈ ಹೋಯಿತು, ಎಸ್‌ಎಸ್‌ಎಚ್ ಕಡಿಯಿತು, ಬಿಲ್ಡೂ ಅದರ ಜೊತೆಗೇ ಸತ್ತಿತು. ಮರುದಿನದಿಂದ ಎಲ್ಲವನ್ನೂ, ಕನೆಕ್ಷನ್ ಕಡಿದರೂ ಸಾಯದಂತೆ 'ನೋಹಪ್' ಹಾಕಿ, ಔಟ್‌ಪುಟ್ಟನ್ನು ಫೈಲಿಗೆ ಕಳಿಸಿಯೇ ಓಡಿಸಿದ್ದು.

ಈಗ ನಿಜವಾದ ಪೆಟ್ಟು. ಒಂದು ಗಂಟೆ ಓಡಿ, ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯ ಹತ್ತಿರ ನಿಂತಿತು: 'ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್'. ಆಬ್ಜೆಕ್ಟ್ ಫೈಲಿನ ಹೆಸರಿನ ಬಾಲ ಏನು ಅಂತ ತಿಳಿಯುತ್ತಿಲ್ಲವಂತೆ. ಸಫಿಕ್ಸಾ? ಡಾಟ್ ಓ ಅಂತ ಗೊತ್ತಿಲ್ವಾ ಇದಕ್ಕೆ? ಅರ್ಧ ದಿನ ಆ ಮಾತನ್ನೇ ನಂಬಿ ಆಬ್ಜೆಕ್ಟ್ ಫೈಲು, ಅಸೆಂಬ್ಲರ್ ಅಂತ ತಡಕಾಡಿದೆ. ಬಿಲ್ಡ್ ಡೈರೆಕ್ಟರಿಯ ಮೇಲಿನ ಕಾನ್ಫಿಗ್ ಡಾಟ್ ಲಾಗ್‌ನಲ್ಲಿ ಏನೂ ಇಲ್ಲ. ಇರುವುದಾದರೂ ಹೇಗೆ, ಸೋತದ್ದು ಲಿಬ್‌ಜಿಸಿಸಿಯ ಕಾನ್ಫಿಗರ್ ಅಲ್ವಾ? ಅದಕ್ಕೆ ಅದರದ್ದೇ ಲಾಗ್, ಎರಡು ಡೈರೆಕ್ಟರಿ ಒಳಗೆ. ಅದನ್ನು ತೆರೆದರೂ ಕೊನೆಯಲ್ಲಿ ಕಾಣುವುದು ಬರೀ ವೇರಿಯೇಬಲ್‌ಗಳ ಉದ್ದ ಪಟ್ಟಿ. ಅದರ ಮೇಲಕ್ಕೆ ಹೋಗಿ ಹುಡುಕಿದಾಗ ಆ ಒಂದು ಸಾಲು ಸಿಕ್ಕಿತು: ಲಿಬ್‌ಎಂಪಿಸಿ ಸಿಗುತ್ತಿಲ್ಲ, ಸಿಸಿ1ಗೆ (ಜಿಸಿಸಿಯೊಳಗಿನ ಅಸಲಿ ಸಿ ಕಂಪೈಲರ್) ಬೇಕು.

ಅಂದರೆ, ಆಗಷ್ಟೇ ಹುಟ್ಟಿದ ಕಂಪೈಲರ್‌ಗೆ ಓಡಲಿಕ್ಕೇ ಆಗುತ್ತಿರಲಿಲ್ಲ. ಲಿಂಕ್ ಮಾಡುವಾಗ ಲೈಬ್ರರಿ ಎಲ್ಲಿದೆ ಅಂತ ನಾನು ಹೇಳಿದ್ದೆ, ಓಡುವಾಗ ಎಲ್ಲಿ ಹುಡುಕಬೇಕು ಅಂತ ಹೇಳಿರಲಿಲ್ಲ. ಹುಡುಕುವ ಜಾಗ ಹೇಳುವ 'ಎಲ್‌ಡಿ ಲೈಬ್ರರಿ ಪಾತ್' ವೇರಿಯೇಬಲ್ ಹಾಕಿದರೆ ಸರಿಯಾಗುತ್ತದೆ, ಆದರೆ ಮುಂದೆ ಪ್ರತಿ ಸಲ ಅದು ಬೇಕು. ನಾನು ಮೂರರ ಸೋರ್ಸನ್ನೂ ಜಿಸಿಸಿ ಸೋರ್ಸ್‌ನ ಒಳಗೇ ಇಟ್ಟೆ, ಡೈರೆಕ್ಟರಿಗಳ ಹೆಸರಿನಿಂದ ವರ್ಷನ್ ನಂಬರ್ ತೆಗೆದು. ಆಗ ಅವು ಕಂಪೈಲರ್‌ನೊಳಗೇ ಸೇರಿಬಿಡುತ್ತವೆ. ಇದಕ್ಕೆಂದೇ ಜಿಸಿಸಿಯಲ್ಲಿ ಒಂದು ಡೌನ್‌ಲೋಡ್ ಸ್ಕ್ರಿಪ್ಟ್ ಇದೆ, ಆದರೆ ಅದು ಕೇಳುವ ವಿಗೆಟ್, ಕರ್ಲ್ ಎರಡೂ ಅಲ್ಲಿರಲಿಲ್ಲ. ಫ್ರೀಬಿಎಸ್‌ಡಿಯ ಸ್ವಂತ 'ಫೆಚ್'ನಿಂದ ಕೈಯಾರೆ ತಂದೆ. ಹಳೇ ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿಯೇ ಮತ್ತೆ ಶುರು ಮಾಡಿದ್ದು. ಕಾನ್ಫಿಗರ್ ಬದಲಿಸಿ ಅದೇ ಡೈರೆಕ್ಟರಿಯಲ್ಲಿ ಮುಂದುವರಿಸಿದರೆ ಹಳೇ ಉತ್ತರಗಳು ಉಳಿದು ಬೇರೆಯೇ ತಲೆನೋವು.

ಜಿಸಿಸಿ ತನ್ನನ್ನು ತಾನೇ ಮೂರು ಸಲ ಕಟ್ಟಿ, ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡುತ್ತದೆ. ಆದ್ದರಿಂದ ರಾತ್ರಿಯಿಡೀ ಓಡಿತು. ಬೆಳಿಗ್ಗೆ ಫೋರ್ಟ್ರಾನ್ ಪ್ರೋಗ್ರಾಂ ಕಂಪೈಲ್ ಆಯಿತು, ಓಡಿಸಿದರೆ ಮತ್ತೆ ಗಲಾಟೆ: ಸಿಸ್ಟಮ್ಮಿನ ಲಿಬ್‌ಜಿಸಿಸಿ ಮೊದಲು ಸಿಕ್ಕಿ, ಬೇಕಾದ ವರ್ಷನ್ ಅದರಲ್ಲಿಲ್ಲ ಅನ್ನುತ್ತಿತ್ತು. ಈ ಸಲ ಅರ್ಧ ದಿನ ಹಿಡಿಯಲಿಲ್ಲ. ಲಿಂಕ್ ಮಾಡುವಾಗಲೇ 'ಆರ್‌ಪಾತ್' (ಹುಡುಕುವ ಜಾಗವನ್ನು ಪ್ರೋಗ್ರಾಂನೊಳಗೇ ಬರೆದಿಡುವ ಆಯ್ಕೆ) ಕೊಟ್ಟು ನನ್ನ ಲೈಬ್ರರಿ ಡೈರೆಕ್ಟರಿ ತೋರಿಸಿದೆ, ಓಡಿತು.