ವಾಣಿಜ್ಯ ಸಂಕೀರ್ಣ ಕಟ್ಟುವ ಮುನ್ನ ರಸ್ತೆಯನ್ನು ಅಳೆಯಿರಿ

ಮಂಗಳೂರಿನಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಹೊರಟವರ ಮಾತು ಸಾಮಾನ್ಯವಾಗಿ ‘ಸೆಂಟ್ಸಿಗೆ ಎಷ್ಟು’ ಎಂಬಲ್ಲಿಂದ ಆರಂಭವಾಗುತ್ತದೆ. ಆದರೆ ಮುಂಗಡ ಕೊಡುವ ಮೊದಲೇ ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಜಾಗವು ಮಹಾಯೋಜನೆಯ (ನಗರದ ಮಾಸ್ಟರ್ ಪ್ಲಾನ್) ಯಾವ ವಲಯದಲ್ಲಿದೆ, ಮತ್ತು ಅದರ ಮುಂದಿನ ರಸ್ತೆ ಎಷ್ಟು ಅಗಲವಿದೆ. ಇವೆರಡರಲ್ಲಿ ಜನ ಹೆಚ್ಚು ಅಲಕ್ಷಿಸುವುದು ಎರಡನೆಯದನ್ನು.

ಮೊದಲ ಹೆಜ್ಜೆ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯತ್ತ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ರೂಪಿಸಿದ ಮಹಾಯೋಜನೆಯ ನಕ್ಷೆಯಲ್ಲಿ ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ಬಳಿಯುವುದು ವಾಡಿಕೆ. ಬಣ್ಣ ನೋಡಿ ಮರಳಿದರೆ ಸಾಲದು. ಸರ್ವೆ ನಂಬರ್ ಕೊಟ್ಟು, ಜಾಗದ ಭೂ ಉಪಯೋಗವೇನೆಂದು ಲಿಖಿತವಾಗಿ ಪಡೆಯಬೇಕು. ನಕ್ಷೆಯಲ್ಲಿ ಗುರುತಿಸಿದ ರಸ್ತೆ ವಿಸ್ತರಣೆಯ ಗೆರೆ ಜಾಗದೊಳಗೆ ಹಾದುಹೋಗುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಬೇಕು. ಉಡುಪಿಯವರಿಗೆ ಇದೇ ಕೆಲಸಕ್ಕೆ ಅಲ್ಲಿನದೇ ಪ್ರಾಧಿಕಾರವಿದೆ.

ವಲಯ ಹೊಂದಿಕೆಯಾಗದಿದ್ದರೆ, ಅದೇ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆಗೆ ಅರ್ಜಿ ಹಾಕಬಹುದು. ದಿನಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುವುದು ಈ ಪ್ರಕ್ರಿಯೆಯ ಭಾಗವಾದ್ದರಿಂದ ಕೆಲಸ ತ್ವರಿತವಾಗಿ ಮುಗಿಯುವ ನಿರೀಕ್ಷೆ ಬೇಡ. ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿಯವರು ನೀಡುವ ಭೂ ಪರಿವರ್ತನೆಯೇ ಬೇರೆ. ಅದು ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ತರುತ್ತದೆಯೇ ಹೊರತು ಮಹಾಯೋಜನೆಯ ವಲಯವನ್ನು ಬದಲಿಸುವುದಿಲ್ಲ. ‘ಕನ್ವರ್ಶನ್ ಆಗಿದೆ’ ಎಂಬ ಮಾರುವವರ ಮಾತನ್ನು ನಂಬಿ ಎರಡನ್ನೂ ಒಂದೆಂದು ಭಾವಿಸುವವರು ಬಹಳ. ಮೂಲಗೇಣಿಯ, ಅಂದರೆ ಹಳೆಯ ಶಾಶ್ವತ ಗೇಣಿ ಪದ್ಧತಿಯ, ಹಿನ್ನೆಲೆಯಿರುವ ಜಾಗವಾದರೆ ವಕೀಲರ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು.

ಇನ್ನು ರಸ್ತೆಯ ವಿಚಾರ. ಎಷ್ಟು ಕಟ್ಟಬಹುದು ಎಂಬುದನ್ನು ನಿರ್ಧರಿಸುವುದು ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣಕ್ಕೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣದ ಅನುಪಾತ. ರಸ್ತೆ ಅಗಲವಾದಂತೆ ಇದು ಏರುತ್ತದೆ, ಕಿರಿದಾದರೆ ಇಳಿಯುತ್ತದೆ. ಇಕ್ಕಟ್ಟಾದ ಅಡ್ಡರಸ್ತೆಗಳೇ ಹೆಚ್ಚಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಟೇಪ್ ಹಿಡಿದು ಅಳೆಯಿರಿ, ಜಾಗದ ಎದುರು ಮಾತ್ರವಲ್ಲ, ಮುಖ್ಯರಸ್ತೆ ಸೇರುವವರೆಗೂ.

ಒಂದು ಲೆಕ್ಕ ನೋಡೋಣ. 25 ಸೆಂಟ್ಸ್ ಎಂದರೆ ಸುಮಾರು 1,012 ಚದರ ಮೀಟರ್. ಎಫ್‌ಎಆರ್ 2 ಎಂದಿಟ್ಟುಕೊಂಡರೆ ಸುಮಾರು 2,024 ಚದರ ಮೀಟರ್ ಕಟ್ಟಬಹುದು. ಪ್ರತಿ 50 ಚದರ ಮೀಟರಿಗೆ ಒಂದು ಕಾರಿನಂತೆ ಪಾರ್ಕಿಂಗ್ ಬಿಡಬೇಕಾದರೆ 40 ಕಾರುಗಳಾದವು. ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ 30 ಚದರ ಮೀಟರ್ ಹಿಡಿದರೆ 1,200 ಚದರ ಮೀಟರ್ ಬೇಕು. ಇದು ಇಡೀ ನಿವೇಶನಕ್ಕಿಂತಲೂ ಹೆಚ್ಚು. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೀಗಾಗಿ ಮೊದಲು ಪಾರ್ಕಿಂಗ್, ಆಮೇಲೆ ಅಂಗಡಿಗಳು ಎಂಬ ಕ್ರಮದಲ್ಲಿ ನಕ್ಷೆ ಬರೆಯಲು ಎಂಜಿನಿಯರರಿಗೆ ಹೇಳುವುದು ಲೇಸು. ಬೇಸ್‌ಮೆಂಟನ್ನು ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ ಬಳಿಕ ಗೋದಾಮು ಮಾಡುವ ಚಾಳಿಯಿಂದ ಕಾರುಗಳೆಲ್ಲ ರಸ್ತೆಗೇ ಬಂದು ನಿಂತಿರುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಇಳಿಜಾರಿನ ಜಾಗದಲ್ಲಿ ಯಾವ ಮಟ್ಟದಿಂದ ಎತ್ತರ ಅಳೆಯುತ್ತಾರೆ, ಯಾವ ಅಂತಸ್ತು ಬೇಸ್‌ಮೆಂಟ್ ಎನಿಸುತ್ತದೆ ಎಂಬುದನ್ನು ಆರಂಭದಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಬದಿಯಲ್ಲಿ ತೋಡು (ಸಣ್ಣ ಹಳ್ಳ) ಹರಿಯುತ್ತಿದ್ದರೆ ಅದಕ್ಕೂ ಅಂತರ ಬಿಡಬೇಕು. ಬೇಸಿಗೆಯಲ್ಲಿ ಒಣಗಿದ ಮಾತ್ರಕ್ಕೆ ಅದು ತೋಡಲ್ಲವೆಂದಾಗುವುದಿಲ್ಲ.

ಉಳಿದ ಇಲಾಖೆಗಳ ಒಪ್ಪಿಗೆ ಜಾಗವನ್ನು ಅವಲಂಬಿಸಿದೆ. ಕರಾವಳಿ ನಿಯಂತ್ರಣ ವಲಯವು ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಚಾಚುತ್ತದೆ. ನೇತ್ರಾವತಿ, ಫಲ್ಗುಣಿಯಂತಹ ನದಿಗಳ ಉಬ್ಬರವಿಳಿತವಿರುವ ಭಾಗದಲ್ಲಿ 2011ರ ಅಧಿಸೂಚನೆ 100 ಮೀಟರ್ ಅಥವಾ ನೀರಿನ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದಿದ್ದರೆ, 2019ರ ಅಧಿಸೂಚನೆ ಆ 100 ಮೀಟರನ್ನು 50 ಮೀಟರಿಗೆ ಇಳಿಸಿತು. ಬಜಪೆಯ ವಿಮಾನ ನಿಲ್ದಾಣದ ಕಾರಣ ಎತ್ತರದ ಮಿತಿಯೂ ಇದೆ. ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಅಗತ್ಯ.

ಇಷ್ಟಾದ ಮೇಲೆ ಪ್ರಾಧಿಕಾರದಿಂದ ನಿವೇಶನದ ವಿನ್ಯಾಸ ಅನುಮೋದನೆ, ಬಳಿಕ ಪಾಲಿಕೆಯಿಂದ ಕಟ್ಟಡ ಪರವಾನಗಿ. ಉಡುಪಿಯಲ್ಲಾದರೆ ನಗರಸಭೆಯಿಂದ. ಕಟ್ಟಡ ವೆಚ್ಚದ ಶೇ 1ರಷ್ಟು ಕಾರ್ಮಿಕ ಸೆಸ್ಸನ್ನು ಬಜೆಟ್ಟಿನಲ್ಲೇ ಸೇರಿಸಿಡಿ. ಕೆಲಸದ ನಡುವೆ ಮಹಡಿ, ಮೆಟ್ಟಿಲು, ಪಾರ್ಕಿಂಗ್ ಏನೇ ಬದಲಾದರೂ ಪರಿಷ್ಕೃತ ನಕ್ಷೆಗೆ ಆಗಲೇ ಅನುಮೋದನೆ ಪಡೆಯಬೇಕು. ಕಟ್ಟಡ ಮುಗಿದ ಮೇಲೆ, ಅದನ್ನು ಬಳಸಬಹುದೆಂಬ ಪ್ರಮಾಣಪತ್ರ (ಒಸಿ) ಕೊಡುವ ಮುನ್ನ ಅಧಿಕಾರಿಗಳು ಅನುಮೋದಿತ ನಕ್ಷೆ ಹಿಡಿದೇ ಸ್ಥಳ ಪರಿಶೀಲಿಸುತ್ತಾರೆ. ಆ ಪತ್ರ ಕೈಗೆ ಬರುವವರೆಗೆ ಮಳಿಗೆಗಳ ಬಾಡಿಗೆ ಕರಾರಿಗೆ ಸಹಿ ಹಾಕದಿರಿ.