ಬೆಂಗಳೂರಿನಿಂದ ಮಂಗಳೂರಿಗೆ ಬೈಕಲ್ಲಿ: ಮೈಕೈ ನೋಯದಂತೆ ನಾನು ಏನು ಮಾಡುತ್ತೇನೆ

ಬೆಂಗಳೂರಿನಿಂದ ಶಿರಾಡಿ ಘಾಟಿ ಮೂಲಕ ಮಂಗಳೂರಿಗೆ ಸುಮಾರು 350 ಕಿ.ಮೀ. ಕೆಲಸ ಬೆಂಗಳೂರಿನಲ್ಲಿ, ಮನೆ ಮಂಗಳೂರು ಕಡೆ. ಹಬ್ಬ, ಮದುವೆ, ತೋಟದ ಕೆಲಸ ಅಂತ ವರ್ಷದಲ್ಲಿ ಹಲವು ಸಲ ನನ್ನ 350 ಸಿಸಿ ಬೈಕಿನಲ್ಲೇ ಹೋಗಿ ಬರುತ್ತೇನೆ. "ಅಷ್ಟು ದೂರ ಬೈಕಲ್ಲಾ? ಮರುದಿನ ಏಳೋಕಾಗುತ್ತಾ?" ಅಂತ ಕೇಳುವವರು ಜಾಸ್ತಿ. ಆಗುತ್ತದೆ. ಮರುದಿನ ಬೆಳಿಗ್ಗೆ ತೋಟಕ್ಕೆ ಇಳಿಯುವಷ್ಟು ಮೈ ಹಗುರವಾಗಿಯೇ ಇರುತ್ತದೆ. ಅದಕ್ಕೆ ನಾನು ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನೋವು ಯಾಕೆ ಬರುತ್ತದೆ ಅಂತ ಗೊತ್ತಿರಬೇಕು. ನಡೆಯುವಾಗ ಮಾಂಸಖಂಡ ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. ರಕ್ತ ಸರಾಗವಾಗಿ ಓಡಾಡುತ್ತದೆ. ಬೈಕಿನಲ್ಲಿ ಹಾಗಲ್ಲ. ಮುಂಗೈ, ಹೆಗಲು, ಕತ್ತು, ಸೊಂಟ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿಹಿಡಿದಿರುತ್ತವೆ. ಬಿಗಿಯಾದ ಖಂಡ ತನ್ನೊಳಗಿನ ರಕ್ತನಾಳಗಳನ್ನೇ ಒತ್ತುತ್ತದೆ. ರಕ್ತ ಕಡಿಮೆ ಬರುತ್ತದೆ, ದಣಿವು ಬೇಗ ಏರುತ್ತದೆ. ಇದರ ಮೇಲೆ ಎಂಜಿನ್ನಿನ ನಡುಕ, ರಸ್ತೆಯ ಪೆಟ್ಟು. ಹಾಗಾಗಿ ನನ್ನ ಪ್ರಯತ್ನವೆಲ್ಲ ಎರಡೇ ಕಡೆ: ಬಿಗಿಹಿಡಿಯುವ ಅಗತ್ಯವೇ ಬೀಳದಂತೆ ಬೈಕನ್ನು ಮೈಗೆ ಹೊಂದಿಸುವುದು, ನೋವು ಶುರುವಾಗುವ ಮೊದಲೇ ಇಳಿದು ಮೈ ಅಲುಗಾಡಿಸುವುದು.

ಬೈಕ್ ಹೊಂದಿಸುವ ಕೆಲಸಕ್ಕೆ ಒಂದು ಸಂಜೆ ಸಾಕು. ಸೆಂಟರ್ ಸ್ಟ್ಯಾಂಡ್ ಹಾಕಿ ಸೀಟಿನ ಮೇಲೆ ಕೂರುತ್ತೇನೆ. ಕಣ್ಣು ಮುಚ್ಚಿ, ಹೆಗಲು ಇಳಿಬಿಟ್ಟು, ಎರಡೂ ಕೈ ಮುಂದೆ ಚಾಚುತ್ತೇನೆ. ಕೈ ತಾನಾಗಿ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿ ಹ್ಯಾಂಡಲ್ ಇರಬೇಕು. ಮೊಣಕೈ ಸ್ವಲ್ಪ ಮಡಿಚಿರಬೇಕು. ಆಮೇಲೆ ಬೆರಳುಗಳನ್ನು ಕ್ಲಚ್ ಲಿವರ್ ಮೇಲೆ ಇಟ್ಟು ನೋಡುತ್ತೇನೆ. ಮೊಣಕೈಯಿಂದ ಮಣಿಕಟ್ಟು ದಾಟಿ ಬೆರಳಿನ ಗೆಣ್ಣಿನವರೆಗೆ ಒಂದೇ ಗೆರೆ ಬರಬೇಕು. ಶೋರೂಮಿನಿಂದ ಬಂದಾಗ ನನ್ನ ಬೈಕಿನ ಲಿವರ್ ತೀರಾ ಮೇಲಿತ್ತು. ಪ್ರತಿ ಸಲ ಕ್ಲಚ್ ಹಿಡಿಯಲು ಮಣಿಕಟ್ಟು ಹಿಂದಕ್ಕೆ ಬಾಗಬೇಕಿತ್ತು. ಲಿವರ್ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಸ್ವಲ್ಪ ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿದೆ. ಮಣಿಕಟ್ಟು ನೋವು ಅಲ್ಲಿಗೆ ನಿಂತಿತು. ಬ್ರೇಕ್ ಲಿವರಿಗೂ ಹೀಗೇ ಮಾಡಬಹುದು. ಆದರೆ ಡಿಸ್ಕ್ ಬ್ರೇಕಿನ ಆಯಿಲ್ ಡಬ್ಬಿ ಅದರ ಜೊತೆಗೇ ತಿರುಗುತ್ತದೆ. ಅದು ತೀರಾ ಓರೆಯಾಗಬಾರದು. ಹ್ಯಾಂಡಲಿನ ಕೋನವನ್ನೇ ಬದಲಿಸಿದರೆ, ಆಮೇಲೆ ಅದನ್ನು ಎರಡೂ ಬದಿಗೆ ಪೂರ್ತಿ ಹೊರಳಿಸಿ ಯಾವ ಕೇಬಲ್ಲೂ ಎಳೆಯುತ್ತಿಲ್ಲ ಅಂತ ನೋಡಿಕೊಳ್ಳಬೇಕು. ಕೈ ಪಳಗಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಆದರೆ ನೀವು ಸೀಟಿನ ಮೇಲೆ ಕೂತಿರುವಾಗಲೇ ಮಾಡಿಸಿ. ಅಳತೆ ನಿಮ್ಮ ಕೈಯದು, ಅವರ ಕೈಯದಲ್ಲ.

ಎಡಗೈ ನೋವಿಗೆ ಇನ್ನೊಂದು ಕಾರಣ ಗಟ್ಟಿ ಕ್ಲಚ್. ನಮ್ಮ ಬೀದಿಯ ಮೆಕ್ಯಾನಿಕ್ ಒಮ್ಮೆ ಲಿವರ್ ಒತ್ತಿ ನೋಡಿ, "ಸರ್, ಕೇಬಲ್ ಒಣಗೋಗಿದೆ, ಎಣ್ಣೆ ಬಿಡ್ಲಾ?" ಅಂದರು. ಕೇಬಲ್ ಬಿಚ್ಚಿ, ಮೇಲಿನ ತುದಿಯಿಂದ ಹನಿ ಹನಿಯಾಗಿ ಆಯಿಲ್ ಇಳಿಸಿದರು. ಅದು ಕೆಳಗಿನ ತುದಿಯಲ್ಲಿ ಬಂದ ಮೇಲೆ ಮತ್ತೆ ಸಿಕ್ಕಿಸಿದರು. ಎರಡು ಬೆರಳಲ್ಲಿ ಕ್ಲಚ್ ಹಿಡಿಯುವಂತಾಯಿತು. ಪೀಣ್ಯದಿಂದ ನೆಲಮಂಗಲದವರೆಗಿನ ಟ್ರಾಫಿಕ್ಕಿನಲ್ಲಿ ಎಷ್ಟು ಸಲ ಕ್ಲಚ್ ಒತ್ತುತ್ತೇವೆ ಅಂತ ನೆನೆದರೆ ಇದರ ಬೆಲೆ ತಿಳಿಯುತ್ತದೆ. ಈಗ ದೂರ ಹೊರಡುವ ಮುಂಚೆ ಇದನ್ನು ತಪ್ಪದೆ ಮಾಡಿಸುತ್ತೇನೆ.

ಇನ್ನು ಹಿಡಿತ. ನನ್ನ ಪ್ರಕಾರ ಅರ್ಧ ನೋವು ಇಲ್ಲೇ ಹುಟ್ಟುತ್ತದೆ. ಹ್ಯಾಂಡಲನ್ನು ಹಣ್ಣಾದ ಪಪ್ಪಾಯಿ ಹಿಡಿದಷ್ಟು ಮೆತ್ತಗೆ ಹಿಡಿದರೆ ಸಾಕು. ಓಡುವ ಬೈಕ್ ತಾನಾಗಿಯೇ ನೇರ ಹೋಗುತ್ತದೆ. ಲಾರಿಯೊಂದು ಹಾರ್ನ್ ಹೊಡೆದು ಪಕ್ಕದಲ್ಲಿ ದಾಟಿದ ಕೂಡಲೇ ನಮಗೆ ಗೊತ್ತಿಲ್ಲದೆ ಮುಷ್ಟಿ ಬಿಗಿಯಾಗುತ್ತದೆ, ಹೆಗಲು ಕಿವಿಯವರೆಗೆ ಏರುತ್ತದೆ. ಲಾರಿ ಹೋದರೂ ಹೆಗಲು ಇಳಿಯುವುದಿಲ್ಲ. ಅದಕ್ಕೇ ಕಿಲೋಮೀಟರ್ ಕಲ್ಲು ಕಂಡಾಗೆಲ್ಲ ಮೊಣಕೈಗಳನ್ನು ಒಂದು ಸಲ ಮೇಲೆ ಕೆಳಗೆ ಆಡಿಸುತ್ತೇನೆ. ಸುಲಭವಾಗಿ ಆಡಿದರೆ ಹಿಡಿತ ಸರಿಯಿದೆ. ಇಲ್ಲದಿದ್ದರೆ ಉಸಿರು ಪೂರ್ತಿ ಹೊರಬಿಟ್ಟು ಹೆಗಲು ಇಳಿಸುತ್ತೇನೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಅಲ್ಲಿ ಒಂದು ನರ ಹಾದುಹೋಗುತ್ತದೆ. ಆಗ ಕೈ ಇಡುವ ಜಾಗ ಸ್ವಲ್ಪ ಬದಲಿಸಬೇಕು. ದಪ್ಪ ಸ್ಪಂಜಿನ ಗ್ರಿಪ್ ಹಾಕಿದರೆ ಒಳ್ಳೆಯದು ಅಂತ ಹಲವರು ಹೇಳುತ್ತಾರೆ. ನನಗೆ ಹಿಡಿಸಲಿಲ್ಲ. ಗ್ರಿಪ್ ತೀರಾ ದಪ್ಪವಾದರೆ ಹಿಡಿಯಲು ಬಲ ಜಾಸ್ತಿ ಬೇಕು.

ಕೈಗೆ ಬಿಡುವು ಕೊಡಬೇಕಾದರೆ ಭಾರವನ್ನು ಬೇರೆ ಯಾರಾದರೂ ಹೊರಬೇಕು, ಅಲ್ವಾ? ಆ ಕೆಲಸ ತೊಡೆಯದು. ಪೆಟ್ರೋಲ್ ಟ್ಯಾಂಕನ್ನು ಎರಡೂ ಮಂಡಿಗಳಿಂದ ಹಗುರವಾಗಿ ಅಪ್ಪಿಕೊಂಡರೆ ಮೇಲಿನ ಮೈ ತಾನಾಗಿ ಸಡಿಲವಾಗುತ್ತದೆ. ಇದರ ಉಪಯೋಗ ಪೂರ್ತಿ ತಿಳಿಯುವುದು ಸಕಲೇಶಪುರ ದಾಟಿ ದೋಣಿಗಾಲಿನಿಂದ ಗುಂಡ್ಯದ ಕಡೆ ಇಳಿಯುವಾಗ. ಇಳಿಜಾರಿನಲ್ಲಿ ಮೈಭಾರವೆಲ್ಲ ಮುಂದಕ್ಕೆ ಜಾರಿ ಅಂಗೈ ಮೇಲೆ ಕೂರುತ್ತದೆ. ಬಲಗೈ ಬ್ರೇಕ್ ಬೇರೆ ಒತ್ತುತ್ತಿರುತ್ತದೆ. ನಾನು ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸುತ್ತೇನೆ. ಎಂಜಿನ್ನೇ ಗಾಡಿಯ ವೇಗವನ್ನು ಹಿಡಿದಿಡುತ್ತದೆ. ತೊಡೆ ಟ್ಯಾಂಕನ್ನು ಹಿಡಿಯುತ್ತದೆ. ತಿರುವುಗಳಿಗೆ ಮುಂಚೆ ಮಾತ್ರ ಬ್ರೇಕ್. ಹೀಗೆ ಇಳಿದರೆ ಗುಂಡ್ಯ ತಲುಪುವಾಗ ಕೈ ನಡುಗುವುದಿಲ್ಲ.

ಹಂಪು, ಗುಂಡಿ ಬಂದಾಗ ಸೀಟಿನ ಮೇಲೆ ಭಾರ ಬಿಟ್ಟು ಕೂರಬೇಡಿ. ಫುಟ್‌ರೆಸ್ಟ್ ಮೇಲೆ ಕಾಲೂರಿ ಅಂಗುಲದಷ್ಟು ಎದ್ದರೆ ಸಾಕು. ಪೆಟ್ಟನ್ನು ಮಂಡಿ ನುಂಗುತ್ತದೆ, ಬೆನ್ನುಮೂಳೆಗೆ ಮುಟ್ಟುವುದಿಲ್ಲ. ಟೈರಿನ ಗಾಳಿಯನ್ನು ಹೊರಡುವ ದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಸಬೇಕು. ಗಾಳಿ ಜಾಸ್ತಿಯಾದರೆ ಪ್ರತಿ ಕಲ್ಲೂ ಸೊಂಟಕ್ಕೆ ತಾಗುತ್ತದೆ.

ಸೀಟಿನ ವಿಷಯದಲ್ಲಿ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ತೀರಾ ಮೆತ್ತನೆಯ ಫೋಮ್ ಮೊದಲ ಅರ್ಧ ಗಂಟೆ ಮಾತ್ರ ಸುಖ. ಆಮೇಲೆ ಅದು ಕುಗ್ಗಿ, ನಾವು ಕೂರುವ ಎರಡು ಎಲುಬಿನ ತುದಿಗಳು ಕೆಳಗಿನ ಗಟ್ಟಿ ತಳಕ್ಕೆ ತಾಗುತ್ತವೆ. ನಾನು ಸೀಟಿನ ಫೋಮ್ ಬದಲಾಯಿಸಿ ಸ್ವಲ್ಪ ಗಟ್ಟಿಯದು ಹಾಕಿಸಿದೆ. ಮುಂದಕ್ಕೆ ಜಾರುವ ಇಳಿಜಾರನ್ನೂ ಸಮ ಮಾಡಿಸಿದೆ. ಸೀಟಿನಲ್ಲಿ ಮುಂದಕ್ಕೆ ಜಾರಿದರೆ ಆ ಭಾರ ಮತ್ತೆ ಕೈಗೇ ಬರುತ್ತದೆ. ಹಿಂದಿನ ಜೇಬಿನ ಪರ್ಸ್ ಬ್ಯಾಗಿಗೆ ಹೋಗಲಿ. ಒಂದು ಕಡೆ ಎತ್ತರ ಕೂತರೆ ಸೊಂಟ ಓರೆಯಾಗುತ್ತದೆ.

ಕತ್ತಿನ ಮಾತು. ನಮ್ಮ ತಲೆಯೇ ಸುಮಾರು 5 ಕೆ.ಜಿ. ತೂಗುತ್ತದೆ. ಅದರ ಮೇಲೆ ಒಂದೂವರೆ ಕೆ.ಜಿ. ಹೆಲ್ಮೆಟ್. ಸಡಿಲವಾದ ಹೆಲ್ಮೆಟ್ ಗಾಳಿಗೆ ಅಲುಗುತ್ತದೆ, ಅದನ್ನು ತಡೆಯಲು ಕತ್ತು ದಿನವಿಡೀ ದುಡಿಯುತ್ತದೆ. ಐಎಸ್ಐ ಗುರುತಿನ, ಕೆನ್ನೆಗೆ ಒತ್ತಿ ಕೂರುವ ಫುಲ್ ಫೇಸ್ ಹೆಲ್ಮೆಟ್ಟನ್ನೇ ತೆಗೆದುಕೊಳ್ಳಿ. ಬೆನ್ನಿಗೆ ಬ್ಯಾಗ್ ಬೇಡವೇ ಬೇಡ. ಅದರ ಪಟ್ಟಿ ಹೆಗಲನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಸಾಮಾನನ್ನು ಬೈಕಿಗೆ ಕಟ್ಟಿ.

ನಿಲ್ಲುವುದು ಗಂಟೆಗೊಮ್ಮೆ. ಸುಸ್ತಾಗಿರಲಿ, ಇಲ್ಲದಿರಲಿ. ನಾನು ಸಾಮಾನ್ಯವಾಗಿ ಕುಣಿಗಲ್ ದಾಟಿ ಒಮ್ಮೆ, ಚನ್ನರಾಯಪಟ್ಟಣದ ಹತ್ತಿರ ಒಮ್ಮೆ, ಹಾಸನದಲ್ಲಿ ತಿಂಡಿಗೆ, ಘಾಟಿ ಇಳಿಯುವ ಮೊದಲು ಸಕಲೇಶಪುರದಲ್ಲಿ, ಆಮೇಲೆ ಉಪ್ಪಿನಂಗಡಿಯಲ್ಲಿ ನಿಲ್ಲುತ್ತೇನೆ. ಚೆನ್ನಾಗಿ ಓಡುತ್ತಿದೆ, ಇನ್ನೊಂದು ಅರ್ಧ ಗಂಟೆ ಹೋಗೋಣ ಅನ್ನಿಸಿದಾಗಲೇ ನಿಲ್ಲಬೇಕು. ನೋವು ಶುರುವಾದ ಮೇಲೆ ನಿಂತರೆ ಅದು ಪೂರ್ತಿ ಇಳಿಯುವುದಿಲ್ಲ. ಇಳಿದ ಕೂಡಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರೆ ಪ್ರಯೋಜನವಿಲ್ಲ. ಹೆಲ್ಮೆಟ್, ಗ್ಲೌಸ್ ತೆಗೆದು ಸ್ವಲ್ಪ ಅಡ್ಡಾಡುತ್ತೇನೆ. ಒಂದು ಕಾಲು ಮುಂದಿಟ್ಟು ಹಿಂದಿನ ಕಾಲಿನ ತೊಡೆಯ ಮುಂಭಾಗ ಎಳೆಯುವವರೆಗೆ ಸೊಂಟವನ್ನು ಮುಂದಕ್ಕೆ ತಳ್ಳುತ್ತೇನೆ. ಕೂತು ಕೂತು ಗಿಡ್ಡವಾಗುವುದು ಆ ಭಾಗವೇ, ಸೊಂಟ ನೋವಿಗೆ ಅದೇ ದಾರಿ. ಕೈ ಚಾಚಿ ಬೆರಳುಗಳನ್ನು ಹಿಂದಕ್ಕೆ ಎಳೆಯುವುದು, ಗದ್ದವನ್ನು ಒಳಕ್ಕೆ ತಳ್ಳಿ ಕತ್ತಿನ ಹಿಂಭಾಗ ಉದ್ದ ಮಾಡುವುದು, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಬಿಡುವುದು. ಐದು ನಿಮಿಷದಲ್ಲಿ ಮುಗಿಯುತ್ತದೆ.

ನೀರು ಕುಡಿಯುವುದನ್ನು ಮರೆಯಬೇಡಿ. ಗಾಳಿಗೆ ಬೆವರು ಆರಿಹೋಗುವುದರಿಂದ ಬಾಯಾರಿಕೆ ಗೊತ್ತಾಗುವುದಿಲ್ಲ. ಬೆಳ್ಳೂರು ಕ್ರಾಸಿನಿಂದ ಚನ್ನರಾಯಪಟ್ಟಣದವರೆಗೆ ತೆಂಗಿನ ಸೀಮೆ, ಎಳನೀರು ಕುಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಚಳಿಗೆ ಮೈ ಸೆಟೆಯುತ್ತದೆ, ಬೆಳಗಿನ ಜಾವ ಹೊರಟರೆ ಗಾಳಿ ನುಗ್ಗದ ಜರ್ಕಿನ್ ಬೇಕು.

ಮನೆ ತಲುಪಿದ ಮೇಲೆ ನೇರ ಹಾಸಿಗೆಗೆ ಬೀಳುವುದಿಲ್ಲ. ಅಂಗಳದಲ್ಲಿ ಸ್ವಲ್ಪ ನಡೆದು, ಹಂಡೆಯ ಬಿಸಿನೀರು ಹೆಗಲಿಗೆ, ಸೊಂಟಕ್ಕೆ ಚೆನ್ನಾಗಿ ಹುಯ್ದುಕೊಳ್ಳುತ್ತೇನೆ. ಆಮೇಲೆ ಗೋಡೆಗೆ ಕಾಲು ಎತ್ತಿಟ್ಟು ಸ್ವಲ್ಪ ಹೊತ್ತು ಮಲಗುತ್ತೇನೆ. ನೋವಿನ ಮಾತ್ರೆ ನುಂಗಿ ಬೈಕ್ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಮೈ ಕೊಡುವ ಸೂಚನೆ ಮುಚ್ಚಿಹೋಗುತ್ತದೆ. ಕೆಲವು ಮಾತ್ರೆಗಳಿಂದ ತೂಕಡಿಕೆಯೂ ಬರುತ್ತದೆ.

ಸವಾರಿ ಇಲ್ಲದ ವಾರಗಳಲ್ಲೂ ಭುಜಂಗಾಸನ, ಸೇತುಬಂಧಾಸನ, ಪ್ಲ್ಯಾಂಕ್ ಬಿಡುವುದಿಲ್ಲ. ಹೊಟ್ಟೆ, ಬೆನ್ನು ಗಟ್ಟಿಯಿದ್ದರೆ ಕೈ ಮೇಲೆ ಒರಗುವ ಅಗತ್ಯ ಕಡಿಮೆ. ಇಷ್ಟೆಲ್ಲ ಮಾಡಿಯೂ ಜೋಮು ಮರುದಿನ ಇಳಿಯದಿದ್ದರೆ, ಸೊಂಟದಿಂದ ಕಾಲಿಗೆ ಸೆಳೆತ ಹರಿದರೆ, ಡಾಕ್ಟರನ್ನು ನೋಡಬೇಕು. ಕಾಲಿನ ಶಕ್ತಿ ಕುಂದಿದರೆ, ಕೂರುವ ಜಾಗವೇ ಮರಗಟ್ಟಿದರೆ, ಮೂತ್ರಕ್ಕೆ ತೊಂದರೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಿಂದೆ ಕೂರುವವರನ್ನು ಬಹಳ ಜನ ಮರೆಯುತ್ತಾರೆ. ಅವರಿಗೆ ಹ್ಯಾಂಡಲ್ ಇಲ್ಲ, ಮುಂದಿನ ಗುಂಡಿಯೂ ಕಾಣುವುದಿಲ್ಲ. ಪ್ರತಿ ಪೆಟ್ಟೂ ಅವರಿಗೆ ಹೇಳದೆ ಬರುತ್ತದೆ. ನನ್ನ ಹೆಂಡತಿ ಜೊತೆಗಿದ್ದರೆ ಹಂಪು ಬರುವ ಮೊದಲು ಎಡಗೈಯಿಂದ ಅವಳ ಮಂಡಿ ತಟ್ಟುತ್ತೇನೆ, ಅವಳು ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಏಳುತ್ತಾಳೆ. ಇಬ್ಬರಿರುವಾಗ ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದು ಹಂತ ಬಿಗಿ ಮಾಡಿಸಿರುತ್ತೇನೆ. "ರೀ, ಕಾಲು ಜೋಮು ಹಿಡೀತು, ನಿಲ್ಸಿ" ಅಂತ ಅವಳು ಹೇಳಿದರೆ ಗಂಟೆ ಲೆಕ್ಕ ನೋಡದೆ, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸುತ್ತೇನೆ.