ಡೇರೆ ಗಿಡಕ್ಕೊಂದು ಬೇಲಿ: ಎರಡು ಸಲ ಹಾಕಿದ ನನ್ನ ಅನುಭವ

ನಮ್ಮದು ಸಾಗರ ತಾಲ್ಲೂಕಿನ ಒಂದು ಒಂಟಿ ಮನೆ. ಅಂಗಳದ ಅಂಚಿಗೆ 42 ಅಡಿ ಉದ್ದದ ಹೂವಿನ ಪಟ್ಟೆ. ಮಳೆ ಹಿಡಿದ ಮೇಲೆ ಅಲ್ಲಿ ಡೇರೆ, ಅಂದರೆ ಡೇಲಿಯಾ, ಏಳುತ್ತದೆ. ಒಂದು ಗೆಡ್ಡೆಗಾಗಿ ನೆಂಟರ ಮನೆಗೆ ಬಸ್ಸು ಹತ್ತಿ ಹೋಗುವವರು ನಾವು, ಹುಚ್ಚು ಅಷ್ಟಿದೆ. ಆ ಹುಚ್ಚು ಪಕ್ಕದ ಮನೆಯ ಕೆಂಪು ದನಕ್ಕೂ ಇತ್ತು. ಮೊಗ್ಗು ಬಿರಿಯುವ ಹಿಂದಿನ ದಿನವೇ ಅದಕ್ಕೆ ಹೇಗೆ ಗೊತ್ತಾಗುತ್ತಿತ್ತೋ, ಬೆಳಗಾಗುವಷ್ಟರಲ್ಲಿ ಬರೀ ದಂಟು ಉಳಿದಿರುತ್ತಿತ್ತು.

ಮೊದಲ ಬೇಲಿ ಮೊಬೈಲ್ ನೋಡಿ ಹಾಕಿದ್ದು. ಬಿಳಿ ಬಣ್ಣ, ಚೂಪು ತುದಿ, ಸಾಲಾಗಿ ನಿಂತ ಪಟ್ಟಿಗಳು, ಅದರ ಹಿಂದೆ ಗುಲಾಬಿ. ನನಗೂ ಅಂಥದ್ದೇ ಬೇಕು ಅನ್ನಿಸಿತು. ಪೇಟೆಯ ಒಂದು ಸಾಮಿಲ್ಲಿನಿಂದ ಸಿಲ್ವರ್ ಓಕ್ ರೀಪು, ಅಕೇಶಿಯಾ ಗೂಟ ತರಿಸಿದೆವು. ಮರ ಹಸಿಯಿತ್ತು ಅಂತ ಮೊಳೆ ಹೊಡೆಯುವಾಗಲೇ ಆಚಾರ್ರು ಹೇಳಿದ್ದರು, ನನಗೆ ಕೇಳುವ ವ್ಯವಧಾನ ಇರಲಿಲ್ಲ. ಕೂಲಿ ಸೇರಿ ಹದಿನೆಂಟು ಸಾವಿರ ಆಯಿತು. ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದವರು, "ಚಂದ ಇದ್ದು ಮಾರಾಯ್ತಿ. ಇದಕ್ಕೂ ಜಡಿ ಕಟ್ಟಕ್ಕಾ ಮಳೆಗಾಲಕ್ಕೆ?" ಅಂದರು. ಮಣ್ಣಿನ ಗೋಡೆ ನೆನೆಯದಂತೆ ಕಟ್ಟುವ ಸೋಗೆಯ ಜಡಿ ಅದು. ನಾನು ನಕ್ಕುಬಿಟ್ಟೆ.

ಪುನರ್ವಸು ಮಳೆ ಮುಗಿಯುವುದರೊಳಗೆ ಬಿಳಿ ಹೋಗಿ ಪಾಚಿಯ ಹಸಿರು ಬಂತು. ಹಸಿ ಮರ ಒಣಗಿ ಕುಗ್ಗುವಾಗ ಬಣ್ಣ ಬಿರುಕುಬಿಟ್ಟು, ಆ ಬಿರುಕಿನಲ್ಲಿ ನೀರಿಳಿದು ಹಪ್ಪಳದ ಹಾಗೆ ಎದ್ದಿತು. ಎರಡನೇ ಮಳೆಗಾಲದಲ್ಲಿ ದನ ಕುತ್ತಿಗೆ ತುರಿಸಿಕೊಂಡದ್ದಕ್ಕೇ ಒಂದು ಗೂಟ ಲಟಕ್ಕೆಂದು ಮುರಿಯಿತು. ಕಿತ್ತು ನೋಡಿದರೆ ಮೇಲೆ ಗಟ್ಟಿ, ಹುಗಿದ ತಳವೂ ಸುಮಾರಾಗಿ ಗಟ್ಟಿಯೇ. ನೆಲದ ಮಟ್ಟದಲ್ಲಿ ನಾಲ್ಕು ಬೆರಳಗಲ ಮಾತ್ರ ಅವಲಕ್ಕಿಯಾಗಿತ್ತು. ಗೂಟ ಸಾಯುವುದು ಅಲ್ಲೇ. ನೀರು, ಗಾಳಿ ಎರಡೂ ಸಿಗುವ ಜಾಗ ಅದು, ಮರ ಕೊಳೆಸುವ ಶಿಲೀಂಧ್ರಕ್ಕೆ ಎರಡೂ ಬೇಕು. ನಾವು ಗಟ್ಟಿಯಾಗಲಿ ಅಂತ ಗೂಟದ ಸುತ್ತ ಸಿಮೆಂಟು ಬೇರೆ ಹಾಕಿದ್ದೆವು. ಮರ ಕುಗ್ಗಿದ ಮೇಲೆ ಆ ಸಿಮೆಂಟೇ ಬಟ್ಟಲಾಗಿ ನೀರು ಹಿಡಿದಿಟ್ಟುಕೊಂಡಿತ್ತು.

ಎರಡನೇ ಸಲ ಕೂರುವಾಗ ಅಂದವನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಕೊಂಡೆ: ಹಾಳಾದ ತುಂಡನ್ನು ನಾನೊಬ್ಬಳೇ ಬದಲಿಸಬಹುದಾ? ಹೆಣೆದ ಬಿದಿರ ತಟ್ಟಿ ನನಗೆ ಇವತ್ತಿಗೂ ಇಷ್ಟ, ಮರೆಯೂ ಆಗುತ್ತದೆ. ಆದರೆ ಒಂದು ಸೀಳು ಹೋದರೆ ಇಡೀ ತಟ್ಟಿ ಬಿಚ್ಚಬೇಕು, ಗಾಳಿಗೆ ಪಟದ ಹಾಗೆ ಎದೆಯೊಡ್ಡಿ ನಿಲ್ಲುತ್ತದೆ, ಮರ ಕೊರೆಯುವ ಕುಟ್ಟೆ ಹುಳ ಹಿಡಿದರಂತೂ ಮುಗಿಯಿತು. ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದು ಹೊಡೆದು ಮಾಡುವ ಜಾಲರಿ, ಬಳ್ಳಿ ಹಬ್ಬಿಸಲು ಚಂದ, ಆದರೆ ಅಡ್ಡ ಹಾಯುವ ಒಂದೊಂದು ಕೂಡಿನಲ್ಲೂ ನೀರು ಕೂರುತ್ತದೆ. ಅಡ್ಡ ಗಳ ಮಾತ್ರ ಇರುವ ಬೇಲಿ ದನಕ್ಕೆ ಸಾಕು, ಕೋಳಿಗೂ ಕರುವಿಗೂ ಅದು ಬಾಗಿಲೇ. ಹಾಗೆ ಸುತ್ತಿ ಸುತ್ತಿ ಬಂದದ್ದು ಅಡಿಕೆ ಮರ ಸೀಳಿ ನೆಟ್ಟಗೆ ನಿಲ್ಲಿಸುವ ಪಟ್ಟಿಗೆ, ನಮ್ಮ ದಬ್ಬೆಗೇ. ಹದಿನೆಂಟು ಸಾವಿರ ಕಳೆದು ತೋಟದ ಹಿಂದೆ ಬಿದ್ದಿದ್ದ ಮರಕ್ಕೆ ಬಂದೆ ಅಂದರೆ ನಗಬೇಡಿ.

ಲೆಕ್ಕ ಹೀಗೆ. ದಬ್ಬೆಯ ಅಗಲ ಎರಡು ಇಂಚು, ಮಧ್ಯೆ ಒಂದೂವರೆ ಇಂಚು ಸಂದು. ಒಳಬರುವ ದಣಪೆಗೆ, ಅಂದರೆ ಗಳ ಸರಿಸುವ ಬಾಗಿಲಿಗೆ, ನಾಲ್ಕಡಿ ಬಿಟ್ಟರೆ ಉಳಿದ 38 ಅಡಿಗೆ 130 ದಬ್ಬೆ ಬೇಕು. ಒಂದು ಹಳೆಯ ಮರದಲ್ಲಿ 28 ಅಡಿ ಒಳ್ಳೆಯ ಕಾಂಡ ಸಿಕ್ಕಿದರೆ ನಾಲ್ಕಡಿಯ ಏಳು ತುಂಡು, ತುಂಡಿಗೆ ಎಂಟು ದಬ್ಬೆ, ಒಟ್ಟು 56. ಮೂರು ಮರ ಧಾರಾಳ. ಎಳೆ ಮರದ ದಬ್ಬೆ ಬಾಗುತ್ತದೆ, ಒಣಗಿದ ಹಳೆಯ ಮರವೇ ಆಗಬೇಕು.

ದಬ್ಬೆಯ ಕೆಲಸದಲ್ಲಿ ಮುಖ್ಯವಾದದ್ದು ಸೀಳುವುದಲ್ಲ, ಹೆರೆಯುವುದು. ಅಡಿಕೆ ಮರಕ್ಕೆ ಹೊರಗಿನ ಕರಿ ಭಾಗವೇ ಜೀವ. ಒಳಗಿನ ತಿರುಳು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಒರಲೆಗೆ, ಅಂದರೆ ಗೆದ್ದಲಿಗೆ, ಅದೇ ಹಬ್ಬದೂಟ. ಕತ್ತಿಯಲ್ಲಿ ಹೆರೆಯುತ್ತ ಹೋದರೆ ಮೊದಲು ಹತ್ತಿಯಂಥ ನಾರು ಉದುರುತ್ತದೆ, ಆಮೇಲೆ ಕತ್ತಿಯ ಸದ್ದೇ ಬದಲಾಗುತ್ತದೆ, ಕಿರ್ರ್ ಅನ್ನುತ್ತದೆ. ಅಲ್ಲಿ ನಿಲ್ಲಿಸಬೇಕು. ಅಡಿಕೆಯ ಸಿಬರು ಕೈಗೆ ಹೊಕ್ಕರೆ ಎರಡು ದಿನ ರೊಟ್ಟಿ ತಟ್ಟುವಂತಿಲ್ಲ, ಹಾಗಾಗಿ ಹಳೆ ಚೀಲ ಸುತ್ತಿಕೊಂಡೇ ಕೂರುತ್ತಿದ್ದೆ. ದಿನಕ್ಕೆ ಹದಿನೈದರ ಮೇಲೆ ಆಗುತ್ತಿರಲಿಲ್ಲ.

ಕಂಬಕ್ಕೆ ಅದೃಷ್ಟ ಒಲಿಯಿತು. ಹಳೇ ಕೊಟ್ಟಿಗೆ ಬಿಚ್ಚಿದಾಗ ಎಂಟು ಕಿರಾಲಬೋಗಿ ಕಂಬ ಸಿಕ್ಕವು. ಒರಲೆಯೂ ಹಲ್ಲು ಹಾಕಲು ಹಿಂಜರಿಯುವ ಮರ ಅದು. ಇಲ್ಲದಿದ್ದರೆ ಸುಮ್ಮನೆ ಕಲ್ಲುಕಂಬಕ್ಕೇ ಹೋಗುತ್ತಿದ್ದೆ. ಐದೂವರೆ ಅಡಿಯ ಕಂಬದಲ್ಲಿ ಎರಡಡಿ ನೆಲದೊಳಗೆ. ಗುಂಡಿಯ ತಳಕ್ಕೆ ಜಲ್ಲಿ, ಸುತ್ತ ಜಂಬಿಟ್ಟಿಗೆ ಕಲ್ಲಿನ ಚೂರು ಹಾಕಿ ಹಾರೆಯಲ್ಲಿ ಜಡಿದೆವು, ಈ ಸಲ ಸಿಮೆಂಟು ಇಲ್ಲ. ನೆಲದಿಂದ ಒಂದಡಿ ಮೇಲಿನವರೆಗೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಎರಡು ಕೈ ಬಳಿದೆ. ಇವರು ಸುಟ್ಟ ಎಂಜಿನ್ ಎಣ್ಣೆ ಸಾಕು ಅಂದರು. ಬಾವಿ ಇಪ್ಪತ್ತು ಅಡಿಯಲ್ಲಿದೆ, ನಾನು ಒಪ್ಪಲಿಲ್ಲ. ಗೇರೆಣ್ಣೆಯೇನು ಸಾಧುವಲ್ಲ. ಮಣಿಕಟ್ಟಿಗೆ ಒಂದು ಹನಿ ಹಾರಿದ್ದು ಸುಟ್ಟು ಬೊಬ್ಬೆ ಎದ್ದಿತು, ಕಲೆ ಇನ್ನೂ ಇದೆ. ಮೊದಲೇ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂದು ಆಮೇಲೆ ಎಲ್ಲರೂ ಹೇಳಿದರು.

ದಬ್ಬೆಗೆ ನೇರ ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ. ಡ್ರಿಲ್ಲಿನಲ್ಲಿ ತೂತು ಮಾಡಿ ಅಡ್ಡಪಟ್ಟಿಗೆ ತುಕ್ಕು ಹಿಡಿಯದ ಸ್ಕ್ರೂ ಹಾಕಿದೆ, ಮೇಲೊಂದು ಕೆಳಗೊಂದು. ಕೆಳತುದಿ ನೆಲದಿಂದ ಮೂರು ಇಂಚು ಮೇಲೆ. ಆ ಸಂದಿನಲ್ಲಿ ಒರಲೆ ಮಣ್ಣಿನ ಹಾದಿ ಕಟ್ಟಲು ಹೊರಟರೆ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಕೊಡವಿದರೆ ಮುಗಿಯಿತು. ಮೇಲ್ತುದಿ ಎಲ್ಲಾ ಓರೆ ಕಡಿತ, ನೀರು ಜಾರಲಿ ಅಂತ.

ಅಲಂಕಾರದ ಆಸೆ ಸಂಪೂರ್ಣ ಬಿಟ್ಟೆ ಅಂತ ಅಲ್ಲ. ಓರೆ ಕಡಿತವನ್ನೇ ಎರಡು ಕಂಬದ ನಡುವೆ ಕಮಾನಿನ ಹಾಗೆ ಏರಿಸಿ ಇಳಿಸಿದೆ. ದಾರ ಹಿಡಿದು ಗೆರೆ ಹಾಕಿ ಕೊಯ್ದರೆ ಸಾಕು, ಖರ್ಚಿಲ್ಲದ ಅಂದ. ಜಗಲಿ ಗೋಡೆಯ ಚಿತ್ತಾರದ ಎಳೆಗಳನ್ನು ಕಂಬದ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು ನೋಡಿದೆ, ಅಂಗಡಿಯ ಬೋರ್ಡಿನ ಹಾಗೆ ಕಂಡಿತು, ಉಜ್ಜಿ ತೆಗೆದೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಸೂರಿನಡಿಯೇ ಚಂದ. ಈಗ ಅಡ್ಡಪಟ್ಟಿಗೆ ಮಾತ್ರ ಕಾವಿ ಬಣ್ಣ. ದಬ್ಬೆ ತಾನಾಗಿ ಬೂದು ಬಣ್ಣಕ್ಕೆ ತಿರುಗಿದೆ, ಅದರೆದುರು ಹಳದಿ ಡೇರೆ ಎದ್ದು ಕಾಣುತ್ತದೆ. ಬಳ್ಳಿಗೆ ಶಂಖಪುಷ್ಪ ಸಾಕು. ರಂಗೂನ್ ಬಳ್ಳಿ, ಬೋಗನ್‌ವಿಲ್ಲಾ ಬೇಲಿಯನ್ನೇ ಮಲಗಿಸುತ್ತವೆ, ಅದರಡಿ ದಬ್ಬೆ ಒಣಗುವುದೇ ಇಲ್ಲ. ಡೇರೆಗೆ ಬೇರೆ ಊರುಗೋಲು ಬೇಡ, ದಂಟನ್ನು ಬಾಳೆಪಟ್ಟೆಯ ನಾರಿನಲ್ಲಿ ಬೇಲಿಗೇ ಕಟ್ಟುತ್ತೇನೆ.

ಗೇಟು ಬೇಡ, ದಣಪೆ ಇರಲಿ ಅಂದದ್ದು ಅತ್ತೆ. ತೀರ್ಥಹಳ್ಳಿ ಕಡೆ ಉಣುಗೋಲು ಅನ್ನುತ್ತಾರಲ್ಲ, ಅದೇ: ಎರಡು ಕಂಬಕ್ಕೆ ಮೂರು ಮೂರು ತೂತು, ಸರಿಸುವ ಮೂರು ಗಳ. ತಿರುಗಣೆಯೂ ಇಲ್ಲ, ಜೋತು ಬೀಳುವುದೂ ಇಲ್ಲ.

ನಾಲ್ಕು ಮಳೆಗಾಲ ಕಳೆಯಿತು. ಈ ವರ್ಷ ಒಂಬತ್ತು ದಬ್ಬೆ ಬದಲಿಸಿದೆ, ಸಂಜೆ ಚಾ ಕುದಿಯಲು ಇಟ್ಟು ಹೋದವಳು ಚಾ ಉಕ್ಕುವ ಮೊದಲು ಮೂರು ಮುಗಿಸಿದ್ದೆ. ಕೆಂಪು ದನ ಮಾತ್ರ ಸೋತಿಲ್ಲ. ದಣಪೆಯ ಮೇಲಿನ ಗಳವನ್ನು ಕೋಡಿನಲ್ಲಿ ಒತ್ತಿ ಸರಿಸುವುದು ಕಲಿತಿದೆ. ಮೊನ್ನೆ ಆ ಗಳದ ತುದಿಗೆ ತೂತು ಹೊಡೆದು ಒಂದು ಸಣ್ಣ ಬೆಣೆ ಸಿಕ್ಕಿಸಿದ್ದೇನೆ.